ಚಿಕ್ಕ ಹಿತ್ತಲಿನ ವಿನ್ಯಾಸ: ಮೊದಲು ಬಯಲು, ಆಮೇಲೆ ಗಿಡ

ಚಿಕ್ಕ ಹಿತ್ತಲನ್ನು ಅಂದಗೊಳಿಸಲು ಹೊರಟವರು ಸಾಮಾನ್ಯವಾಗಿ ನರ್ಸರಿಯಿಂದ ಆರಂಭಿಸುತ್ತಾರೆ. ಕಣ್ಣಿಗೆ ಹಿಡಿಸಿದ ಗಿಡಗಳನ್ನು ತಂದು, ಗೋಡೆಯ ಸುತ್ತ ಸಾಲಾಗಿ ನೆಟ್ಟು, ನಡುವೆ ಉಳಿದ ಜಾಗಕ್ಕೆ ಹುಲ್ಲು ಹಾಸಿ, ಅದರ ಮೇಲೆ ಎರಡು ಕುರ್ಚಿ ಹಾಕಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಗಿಡಗಳು ಒಳಕ್ಕೆ ಚಾಚಿಕೊಂಡು, ಹುಲ್ಲು ನೆರಳಿಗೆ ಸೊರಗಿ, ಕುರ್ಚಿ ಇಡಲೂ ಎಡೆಯಿಲ್ಲದಂತಾಗುತ್ತದೆ. ವಿಶಾಲವಾದ ತೋಟದಲ್ಲಿ ಇಂಥ ಲೋಪ ಮರೆಯಾಗಿಬಿಡುತ್ತದೆ; ಇಕ್ಕಟ್ಟಾದ ಜಾಗದಲ್ಲಿ ಅದು ದಿನವೂ ಕಾಲಿಗೆ ತೊಡರುತ್ತದೆ. ಆದ್ದರಿಂದ ಖಾಲಿ ಬಿಡಬೇಕಾದ ಬಯಲಿನ ಆಕಾರವನ್ನು ಮೊದಲು ನಿರ್ಧರಿಸಿ, ಗಿಡಗಳಿಗೆ ಉಳಿದ ಜಾಗವನ್ನು ಕೊಡುವುದೇ ಸರಿಯಾದ ಕ್ರಮ.

ಕಾಗದದ ಮೇಲೆ ಹಿತ್ತಲು

ಅಳತೆ ಟೇಪು ಹಿಡಿದು ನಾಲ್ಕೂ ಬದಿಗಳನ್ನು ಅಳೆಯಿರಿ. ಮೂಲೆಯಿಂದ ಮೂಲೆಗೂ ಅಳೆಯಿರಿ, ಏಕೆಂದರೆ ಗೋಡೆಗಳು ಕಣ್ಣಿಗೆ ಕಾಣುವಷ್ಟು ಮೂಲೆಮಟ್ಟಕ್ಕೆ ಸರಿಯಾಗಿರುವುದು ಅಪರೂಪ. ಒಂದು ಮೀಟರಿಗೆ 2 ಸೆಂ.ಮೀ. ಪ್ರಮಾಣದಲ್ಲಿ, ಅಂದರೆ 1:50ರಲ್ಲಿ, ನಕ್ಷೆ ಬರೆದರೆ ಚಿಕ್ಕ ಹಿತ್ತಲು ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ, ಕಿಟಕಿಗಳು ಎಲ್ಲಿವೆ, ನಲ್ಲಿ, ಚರಂಡಿ, ಚೇಂಬರಿನ ಮುಚ್ಚಳ, ನೆಲದಡಿಯ ಪೈಪು, ಮೇಲೆ ಹಾದುಹೋಗುವ ತಂತಿ, ಇವೆಲ್ಲವನ್ನೂ ಗುರುತಿಸಿಕೊಳ್ಳಿ. ಚೇಂಬರಿನ ಮೇಲೆ ಕಟ್ಟೆ ಕಟ್ಟಿಸಿದವರು, ಮುಂದೊಂದು ದಿನ ಪೈಪು ಕಟ್ಟಿಕೊಂಡಾಗ ಆ ಕಟ್ಟೆಯನ್ನೇ ಒಡೆಸಬೇಕಾಗುತ್ತದೆ.

ಬಿಸಿಲಿನ ಲೆಕ್ಕ ಇದಕ್ಕಿಂತ ತಾಳ್ಮೆ ಬೇಡುವ ಕೆಲಸ. ಬೆಳಗ್ಗೆ, ನಡುಹಗಲು ಮತ್ತು ಇಳಿಹೊತ್ತಿನಲ್ಲಿ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎಂಬುದನ್ನು ನಕ್ಷೆಯ ಮೂರು ಪ್ರತಿಗಳಲ್ಲಿ ಗೀರು ಹಾಕಿ ತೋರಿಸಿ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ದಿನಕ್ಕೆ ಆರು ಗಂಟೆಗಿಂತ ಹೆಚ್ಚು ನೇರ ಬಿಸಿಲು ಬೀಳುವ ಭಾಗ, ಮೂರರಿಂದ ಆರು ಗಂಟೆ ಬಿಸಿಲು ಕಾಣುವ ಅರೆನೆರಳಿನ ಭಾಗ ಮತ್ತು ಬಿಸಿಲೇ ಕಾಣದ ಭಾಗ ತಾವಾಗಿಯೇ ಬೇರ್ಪಡುತ್ತವೆ. ಸೂರ್ಯನ ಹಾದಿ ಋತುವಿಗೆ ತಕ್ಕಂತೆ ಬದಲಾಗುವುದರಿಂದ, ಬೇಸಿಗೆಯಲ್ಲಿ ಕಾದ ಹೆಂಚಿನಂತಿರುವ ಮೂಲೆ ಚಳಿಗಾಲದಲ್ಲಿ ಗೋಡೆಯ ನೆರಳಿನಲ್ಲಿಯೇ ಇರಬಹುದು. ಸಾಧ್ಯವಾದರೆ ಎರಡು ಋತುಗಳ ನೆರಳನ್ನೂ ನೋಡಿಯೇ ಮುಂದುವರಿಯುವುದು ಒಳ್ಳೆಯದು.

ನೀರಿನ ಪರೀಕ್ಷೆಗೆ 30 ಸೆಂ.ಮೀ. ಆಳದ ಗುಂಡಿ ಸಾಕು. ಅದನ್ನು ಒಮ್ಮೆ ನೀರಿನಿಂದ ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಕೋಲು ಹಾಕಿ ಅಳೆಯಿರಿ. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಆ ಮಣ್ಣಿನಲ್ಲಿ ಬೇರುಗಳು ಉಸಿರುಕಟ್ಟಿ ಕೊಳೆಯುವ ಸಂಭವವಿದೆ. ಅಲ್ಲಿ ಏರುಮಡಿ ಮಾಡುವುದೇ ವಾಸಿ.

ನೆಲದ ಆಕಾರ

ಹಿತ್ತಲಿನಿಂದ ನಿಮಗೆ ಏನು ಬೇಕು ಎಂಬ ಪ್ರಶ್ನೆಗೆ ಚಿಕ್ಕ ಜಾಗದಲ್ಲಿ ಒಂದೇ ಮುಖ್ಯ ಉತ್ತರವಿರಬೇಕು. ಕುಳಿತು ಮಾತಾಡುವುದು, ಮಕ್ಕಳ ಆಟ, ತರಕಾರಿ, ಬಟ್ಟೆ ಒಣಗಿಸುವುದು ಎಲ್ಲವೂ ಬೇಕೆಂದರೆ ಯಾವುದಕ್ಕೂ ಜಾಗ ಸಾಲುವುದಿಲ್ಲ. ಮುಖ್ಯವಾದ ಒಂದಕ್ಕೆ ಪೂರ್ತಿ ಅಳತೆಯ ಜಾಗ ಕೊಟ್ಟು, ಉಳಿದವನ್ನು ಅದರೊಳಗೆ ಹೊಂದಿಸಬೇಕು. ಕಟ್ಟೆಯ ಕೆಳಗೆ ಸಲಕರಣೆಯ ಪೆಟ್ಟಿಗೆ ಇರಬಹುದು, ಬಟ್ಟೆಯ ತಂತಿ ಬೇಕಾದಾಗ ಎಳೆದು ಬೇಡವಾದಾಗ ಸುತ್ತಿಡುವಂಥದ್ದಾಗಿರಬಹುದು.

ಪೂರ್ತಿ ಅಳತೆ ಎಂದರೆ ಎಷ್ಟು ಎಂಬುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನಾಲ್ಕು ಜನರ ಮೇಜು 90 ಸೆಂ.ಮೀ. ಚೌಕವಿದ್ದರೆ, ಕುರ್ಚಿ ಹಿಂದಕ್ಕೆ ಸರಿಸಿ ಏಳಲು ಪ್ರತಿ ಬದಿಗೂ ಇನ್ನೊಂದು 90 ಸೆಂ.ಮೀ. ಬೇಕು, ಹೀಗೆ ಒಟ್ಟು ಸುಮಾರು 2.7 ಮೀಟರ್ ಚೌಕವಾಗುತ್ತದೆ. ಎರಡು ಮೀಟರಿಗೆ ಕಲ್ಲು ಹಾಸಿ ನಿಲ್ಲಿಸಿದರೆ, ಊಟ ಮುಗಿಸಿ ಎದ್ದವರ ಕುರ್ಚಿಯ ಹಿಂದಿನ ಕಾಲುಗಳು ಅಂಚಿನಿಂದ ಜಾರಿ ಮಣ್ಣಿಗೆ ಇಳಿಯುತ್ತವೆ. ಕಾಲುದಾರಿ ಒಬ್ಬರಿಗಾದರೆ 60 ಸೆಂ.ಮೀ. ಸಾಕು, ಕೈಗಾಡಿ ಓಡಾಡಬೇಕಿದ್ದರೆ 90 ಸೆಂ.ಮೀ. ಬಿಡಿ. ಇದನ್ನೆಲ್ಲ ಕಾಗದದ ಮೇಲೆ ನಂಬಿಬಿಡಬೇಡಿ. ಗೂಟ ಹೊಡೆದು ದಾರ ಕಟ್ಟಿ, ಇಲ್ಲವೇ ಸುಣ್ಣದ ಪುಡಿಯಿಂದ ಗೆರೆ ಎಳೆದು, ಅದರೊಳಗೆ ನಿಜವಾದ ಮೇಜು ಕುರ್ಚಿಗಳನ್ನೇ ಇಟ್ಟು ಕೆಲವು ದಿನ ಓಡಾಡಿ ನೋಡಿ.

ಬಯಲನ್ನು ಗೋಡೆಗಳಿಗೆ ಸಮಾನಾಂತರವಾಗಿ ಇಡಲೇಬೇಕೆಂಬ ನಿಯಮವೇನೂ ಇಲ್ಲ. 6 ಮೀಟರ್ ಅಗಲ, 8 ಮೀಟರ್ ಉದ್ದದ ಹಿತ್ತಲಿನಲ್ಲಿ ಮೂಲೆಯಿಂದ ಮೂಲೆಗೆ 10 ಮೀಟರ್ ದೂರವಿರುತ್ತದೆ. ಕುಳಿತುಕೊಳ್ಳುವ ಜಾಗವನ್ನು ಒಂದು ಮೂಲೆಯಲ್ಲಿ ಓರೆಯಾಗಿ ಇರಿಸಿ, ನೋಟ ಎದುರು ಮೂಲೆಯ ಕಡೆಗೆ ಹಾಯುವಂತೆ ಮಾಡಿದರೆ, ಇರುವ ಜಾಗದಲ್ಲಿಯೇ ಅತ್ಯಂತ ಉದ್ದವಾದ ಗೆರೆ ನಿಮಗೆ ದಕ್ಕುತ್ತದೆ. ಜೊತೆಗೆ ಬದಿಗಳಲ್ಲಿ ಉಳಿಯುವ ತ್ರಿಕೋನಾಕಾರದ ಪಾತಿಗಳು, ಗೋಡೆಗಂಟಿದ ಕಿರಿದಾದ ಪಟ್ಟಿಗಳಿಗಿಂತ ಆಳವಾಗಿರುವುದರಿಂದ, ಅಲ್ಲಿ ಎತ್ತರದ ಗಿಡದ ಮುಂದೆ ಮಧ್ಯಮ, ಅದರ ಮುಂದೆ ಗಿಡ್ಡ ಎಂದು ಅಂತಸ್ತಾಗಿ ನೆಡಲು ಎಡೆ ಸಿಗುತ್ತದೆ. ಈ ಒಂದು ಉಪಾಯದಿಂದ ಆಗುವಷ್ಟು ಬದಲಾವಣೆ ಯಾವ ದುಬಾರಿ ಅಲಂಕಾರದಿಂದಲೂ ಆಗದು ಎಂಬುದು ನನ್ನ ಅಭಿಪ್ರಾಯ.

ಹಾಸುಗಲ್ಲು ಒಂದೇ ಬಗೆಯದಿರಲಿ, ಹೆಚ್ಚೆಂದರೆ ಎರಡು ಬಗೆ. ಮೂರು ನಾಲ್ಕು ಬಣ್ಣದ ಟೈಲುಗಳು ಸೇರಿದರೆ ನೆಲ ತುಂಡುತುಂಡಾಗಿ, ಜಾಗ ಇನ್ನಷ್ಟು ಕಿರಿದಾಗಿ ಕಾಣುತ್ತದೆ. ಕಲ್ಲಿನ ಸಂದುಗಳು ಅಡ್ಡಲಾಗಿ ಸಾಗಿದರೆ ಹಿತ್ತಲು ಅಗಲವಾಗಿಯೂ, ಉದ್ದಕ್ಕೆ ಸಾಗಿದರೆ ಉದ್ದವಾಗಿಯೂ ತೋರುತ್ತದೆ. ಮನೆಯಿಂದ ಹೊರಮುಖವಾಗಿ ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಇರಲೇಬೇಕು. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಮಳೆನೀರಿಗೆ ದಾರಿ ತಿಳಿಯುತ್ತದೆ. ಹೊರಗಿನ ನೆಲಕ್ಕೆ ನುಣುಪಾದ ಟೈಲು ಬೇಡ.

ಹುಲ್ಲಿನ ವಿಷಯದಲ್ಲಿ ಕಟುವಾಗಿಯೇ ಹೇಳಬೇಕಾಗುತ್ತದೆ. ಸುತ್ತ ಗೋಡೆಯಿರುವ ಕಿರಿದಾದ ಹಿತ್ತಲಿನಲ್ಲಿ ಹುಲ್ಲಿಗೆ ಸಾಕಷ್ಟು ಬಿಸಿಲು ಸಿಗುವುದಿಲ್ಲ, ಓಡಾಟವೆಲ್ಲ ಒಂದೇ ಜಾಡಿನಲ್ಲಿ ನಡೆದು ಅದು ಸವೆದುಹೋಗುತ್ತದೆ, ಕತ್ತರಿಸುವ ಯಂತ್ರ ಇಡುವುದಕ್ಕೂ ಜಾಗವಿರುವುದಿಲ್ಲ. ಮಕ್ಕಳ ಆಟಕ್ಕೆ ಬೇಕೇಬೇಕು ಎಂಬ ಕಾರಣವಿಲ್ಲದಿದ್ದರೆ ಅದನ್ನು ಬಿಟ್ಟು, ನೀರು ಇಂಗುವಂತೆ 5 ಸೆಂ.ಮೀ. ದಪ್ಪಕ್ಕೆ ಸಣ್ಣ ಜಲ್ಲಿ ಹರಡುವುದು ಒಳ್ಳೆಯದು. ಜಲ್ಲಿ ಚದುರದಂತೆ ಅಂಚಿಗೆ ಕಲ್ಲು ನಿಲ್ಲಿಸಿ.

ಗೋಡೆ, ಎತ್ತರ, ಮರೆ

ನೆಲ ಕಡಿಮೆಯಿದ್ದಾಗ ಗೋಡೆಯೇ ಪಾತಿಯಾಗಬೇಕು. ಬಳ್ಳಿಗಳೆಲ್ಲ ಒಂದೇ ರೀತಿ ಹತ್ತುವುದಿಲ್ಲ. ಶಂಖಪುಷ್ಪದಂಥವು ಕಾಂಡದಿಂದಲೇ ಸುತ್ತಿಕೊಳ್ಳುತ್ತವೆ, ಪ್ಯಾಶನ್ ಹಣ್ಣಿನ ಬಳ್ಳಿ ಕುಡಿಗಳಿಂದ ಹಿಡಿದುಕೊಳ್ಳುತ್ತದೆ, ಬೋಗನ್‌ವಿಲ್ಲಾಕ್ಕೆ ನೀವೇ ದಾರ ಕಟ್ಟಿ ಆಸರೆ ಕೊಡಬೇಕು. ಬೇರುಗಳಿಂದಲೇ ಗೋಡೆಗೆ ಅಂಟಿಕೊಳ್ಳುವ ಬಳ್ಳಿಗಳನ್ನು ಮನೆಯ ಗೋಡೆಗೆ ಹಬ್ಬಿಸದಿರುವುದು ಕ್ಷೇಮ. ಕೀಳುವಾಗ ಅವು ಬಣ್ಣವನ್ನೂ ಸಡಿಲವಾದ ಗಾರೆಯನ್ನೂ ಜೊತೆಗೇ ಎಳೆದುಕೊಂಡು ಬರುತ್ತವೆ. ಹಂದರದ ಚೌಕಟ್ಟನ್ನು ಗೋಡೆಯಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ನಿಲ್ಲಿಸಿದರೆ ಗಾಳಿಯಾಡುತ್ತದೆ, ಕಾಂಡಕ್ಕೆ ಹಿಂದಿನಿಂದ ಸುತ್ತಿಬರಲು ಎಡೆಯೂ ಇರುತ್ತದೆ.

ಗೋಡೆಯ ಪಕ್ಕದ ಏರುಮಡಿಯ ಅಗಲ 60 ಸೆಂ.ಮೀ. ಮೀರಬಾರದು, ಏಕೆಂದರೆ ಒಂದೇ ಕಡೆಯಿಂದ ಕೈ ಚಾಚಿದರೆ ಅಷ್ಟೇ ಎಟಕುತ್ತದೆ. ಎರಡೂ ಕಡೆಯಿಂದ ಕೈ ಹಾಕುವಂತಿದ್ದರೆ 1.2 ಮೀಟರ್ ವರೆಗೆ ಹೋಗಬಹುದು. ಅದರ ಅಂಚನ್ನು 45 ಸೆಂ.ಮೀ. ಎತ್ತರಕ್ಕೆ, ಮೇಲೆ ಅಗಲವಾದ ಕಲ್ಲು ಕೂರಿಸಿ ಕಟ್ಟಿದರೆ ಅದೇ ಕೂರುವ ಜಗಲಿಯಾಗುತ್ತದೆ, ಕುರ್ಚಿಗಳ ಸಂಖ್ಯೆ ಇಳಿಯುತ್ತದೆ. ಆದರೆ ಮಡಿಯ ಮಣ್ಣನ್ನು ಮನೆಯ ಗೋಡೆಗೆ ತಾಗಿಸಬೇಡಿ. ತಳಪಾಯದ ಮೇಲಿರುವ, ತೇವ ತಡೆಯುವ ಪದರಕ್ಕಿಂತ ಮೇಲಕ್ಕೆ ಮಣ್ಣು ಏರಿದರೆ ಒಳಕೋಣೆಯ ಗೋಡೆ ಒದ್ದೆಯಾಗುತ್ತದೆ. ಹೊರನೆಲ ಅದಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗಿರಬೇಕು.

ಎಲ್ಲವೂ ಬಾಗಿಲಿನಿಂದಲೇ ಕಂಡುಬಿಟ್ಟರೆ ಹಿತ್ತಲು ಒಂದೇ ನೋಟಕ್ಕೆ ಮುಗಿದುಹೋಗುತ್ತದೆ. ಅರ್ಧ ದಾರಿಯಲ್ಲಿ ಸೊಂಟದೆತ್ತರದ ಪೊದೆಯೋ, ಸಂದುಸಂದಾದ ಜಾಲರಿಯೋ ನಿಂತು, ದಾರಿ ಅದನ್ನು ಬಳಸಿ ಮರೆಯಾದರೆ, ಆಚೆ ಇನ್ನೂ ಏನೋ ಇದೆಯೆಂದು ಅನಿಸುತ್ತದೆ. ಹೊರಗಿನ ನೋಟವನ್ನೂ ಹೀಗೆಯೇ ಆರಿಸಿಕೊಳ್ಳಬಹುದು. ಜಪಾನಿನ ಕ್ಯೋಟೋದಲ್ಲಿರುವ ಎನ್ತ್ಸೂ-ಜಿ ದೇವಾಲಯದ ತೋಟವು ತಗ್ಗಾದ ಗಿಡಬೇಲಿಯ ಆಚೆಗೆ ಕಾಣುವ ಹಿಯೇ ಪರ್ವತವನ್ನು ತನ್ನದೇ ಭಾಗವೆಂಬಂತೆ ಒಳಗೊಂಡಿದೆ. ಎಲ್ಲರ ಹಿತ್ತಲಿಗೂ ಪರ್ವತ ಸಿಗುವುದಿಲ್ಲ ನಿಜ, ಆದರೆ ನೆರೆಮನೆಯ ಒಳ್ಳೆಯ ಮರವೊಂದು ಕಾಣುವ ಕಡೆ ಬೇಲಿಯನ್ನು ತಗ್ಗಿಸಿ, ನೀರಿನ ಟ್ಯಾಂಕು ಕಾಣುವ ಕಡೆ ಹಂದರವನ್ನು ಏರಿಸಲು ಯಾರ ಅಡ್ಡಿಯೂ ಇರುವುದಿಲ್ಲ.

ಗಿಡಗಳು

ನರ್ಸರಿಯಲ್ಲಿ ಗಿಡದ ಇಂದಿನ ಎತ್ತರವನ್ನು ನೋಡಬೇಡಿ; ಪೂರ್ತಿ ಬೆಳೆದಾಗ ಅದರ ಹರವು ಎಷ್ಟು ಎಂದು ಕೇಳಿ, ಆ ಅಳತೆಯ ವೃತ್ತವನ್ನೇ ನಕ್ಷೆಯಲ್ಲಿ ಎಳೆಯಿರಿ. ಆಲ, ಅರಳಿ, ಅತ್ತಿಯ ಜಾತಿಯ ಮರಗಳು ಎಷ್ಟೇ ಮುದ್ದಾಗಿ ಕಂಡರೂ ಚಿಕ್ಕ ಹಿತ್ತಲಿನ ನೆಲಕ್ಕೆ ಇಳಿಸುವಂಥವಲ್ಲ; ಅವುಗಳ ಬೇರು ಪೈಪು, ತಳಪಾಯ ಎರಡನ್ನೂ ಹುಡುಕಿಕೊಂಡು ಹೋಗುತ್ತದೆ. ಬಿದಿರು ಬೇಕೆಂದರೆ ಹಿಂಡಿನಲ್ಲಿಯೇ ಬೆಳೆಯುವ ಜಾತಿಯನ್ನು ಆರಿಸಿ, ನೆಲದಡಿ ಹರಿದು ದೂರದಲ್ಲಿ ಮೊಳಕೆಯೊಡೆಯುವ ಜಾತಿಯನ್ನಲ್ಲ. ಒಂದೇ ಒಂದು ಚಿಕ್ಕ ಮರ ಸಾಕು, ಅದರ ಕೆಳಗಿನ ಕೊಂಬೆಗಳನ್ನು ತಲೆಯೆತ್ತರದವರೆಗೆ ಸವರಿದರೆ ಬುಡದ ಜಾಗವೂ ಬಳಕೆಗೆ ಸಿಗುತ್ತದೆ.

ಬಣ್ಣ ಮತ್ತು ಎಲೆಯ ಗಾತ್ರದಿಂದ ದೂರವನ್ನು ಹಿಗ್ಗಿಸಬಹುದು. ಕೆಂಪು, ಕಿತ್ತಳೆ ಬಣ್ಣಗಳು ಹತ್ತಿರಕ್ಕೆ ಬಂದಂತೆ ಕಾಣುತ್ತವೆ, ನೀಲಿ, ನೇರಳೆ ಮತ್ತು ಬೂದು ಛಾಯೆಯ ಎಲೆಗಳು ಹಿಂದೆ ಸರಿದಂತೆ ಕಾಣುತ್ತವೆ. ಆದ್ದರಿಂದ ದಾಸವಾಳ ಮನೆಯ ಬಳಿ, ನೀಲಿ ಹೂವಿನವು ಕೊನೆಯಲ್ಲಿ ಇರಲಿ. ಅಗಲವಾದ ಎಲೆಯವು ಮುಂದೆ, ಸಣ್ಣೆಲೆಯವು ಹಿಂದೆ ಇದ್ದರೂ ಇದೇ ಪರಿಣಾಮ. ಹತ್ತು ಜಾತಿಯ ಒಂದೊಂದು ಗಿಡಕ್ಕಿಂತ ಮೂರು ಜಾತಿಗಳನ್ನು ಗುಂಪಾಗಿ ನೆಟ್ಟರೆ ನೋಟಕ್ಕೆ ನೆಮ್ಮದಿ. ಕುಂಡಗಳೂ ಹಾಗೆಯೇ: ಚಿಲ್ಲರೆ ಕುಂಡಗಳ ಸಾಲಿಗಿಂತ ದೊಡ್ಡ ಎರಡು ಕುಂಡಗಳು ಲೇಸು, ಅವುಗಳ ಮಣ್ಣು ಬೇಗ ಒಣಗುವುದೂ ಇಲ್ಲ.

ನೀರಿನ ತೊಟ್ಟಿ ಇಡುವುದಾದರೆ ನೀರು ನಿಲ್ಲದಂತೆ ಸಣ್ಣ ಪಂಪಿನಿಂದ ಆಡಿಸುತ್ತಿರಬೇಕು, ಏಕೆಂದರೆ ಬೆಚ್ಚಗಿನ ವಾತಾವರಣದಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದರ ಮೇಲೆ ಗಟ್ಟಿಯಾದ ಜಾಲರಿ ಬೇಕು.

ಕೆಲಸದ ಕ್ರಮ

ಪಕ್ಕದ ಓಣಿ ಕಿರಿದಾಗಿದ್ದರೆ ಅದರ ಅಗಲವನ್ನು ಎಲ್ಲಕ್ಕಿಂತ ಮೊದಲು ಅಳೆಯಿರಿ. ಅದರಲ್ಲಿ ತೂರದ ಕಲ್ಲಾಗಲಿ ತೊಟ್ಟಿಯಾಗಲಿ ಹಿತ್ತಲನ್ನು ಸೇರಲಾರದು. ಅಗೆತ ಮತ್ತು ನೀರು ಹರಿಯುವ ವ್ಯವಸ್ಥೆ ಮುಗಿದ ಮೇಲೆ, ಕಲ್ಲು ಹಾಸುವುದಕ್ಕೆ ಮುನ್ನ, ಹನಿ ನೀರಾವರಿಯ ಕೊಳವೆಗೂ ದೀಪದ ವೈರಿಗೂ ನೆಲದಡಿಯಲ್ಲಿ ಪ್ರತ್ಯೇಕ ಖಾಲಿ ಪೈಪುಗಳನ್ನು ಹೂಳಿಡಿ. ಇಂದು ಬೇಕಿಲ್ಲದಿದ್ದರೂ ಹೂಳಿಡಿ, ಮತ್ತೆ ಕಲ್ಲು ಕೀಳಿಸುವ ಖರ್ಚು ಉಳಿಯುತ್ತದೆ. ಬಳಿಕ ಗೋಡೆ, ಕಟ್ಟೆ, ಹಂದರ, ಆಮೇಲೆ ಹಾಸುಗಲ್ಲು, ಕೊನೆಗೆ ಗೊಬ್ಬರ ಬೆರೆಸಿದ ಮಣ್ಣು ಮತ್ತು ಗಿಡ. ಗಾರೆ ಕೆಲಸದ ಸಿಮೆಂಟು ಚೂರುಗಳನ್ನು ಪಾತಿಯಿಂದ ಪೂರ್ತಿ ಆರಿಸಿ ತೆಗೆದ ಮೇಲೆಯೇ ನೆಡಿ. ಅವು ಸುತ್ತಲಿನ ಮಣ್ಣನ್ನು ಕ್ಷಾರೀಯವಾಗಿಸುತ್ತವೆ. ನೆಟ್ಟ ಬಳಿಕ ಒಣಗಿದ ಎಲೆ ಅಥವಾ ತೊಗಟೆಯನ್ನು 5ರಿಂದ 7 ಸೆಂ.ಮೀ. ದಪ್ಪಕ್ಕೆ ಹೊದಿಸಿ, ಕಾಂಡದ ಸುತ್ತ ಮಾತ್ರ ಒಂದು ಗೇಣು ಖಾಲಿ ಬಿಡಿ. ಮೊದಲ ವರ್ಷ ಪಾತಿಗಳು ಬರಿದಾಗಿ ಕಾಣುವುದು ಸಹಜ, ಸಂದುಗಳನ್ನು ತುಂಬಲು ಒಂದೇ ಹಂಗಾಮಿನಲ್ಲಿ ಮುಗಿಯುವ ಹೂಗಿಡಗಳನ್ನು ಬಿತ್ತಿದರೆ ಸಾಕು.