ಇಂಡಿಕೇಟರ್ ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು

ತಿರುವಿನೊಳಗೆ ಅರ್ಧ ನುಗ್ಗಿದ ಮೇಲೆ ಇಂಡಿಕೇಟರ್ ಹಾಕುವವರು ಬಹಳ ಜನ. ಅಷ್ಟು ಹೊತ್ತಿಗೆ ಹಿಂದಿನವರು ಬ್ರೇಕ್ ಒತ್ತಿ ಆಗಿರುತ್ತದೆ, ಗಾಡಿ ಎತ್ತ ಹೊರಳುತ್ತಿದೆ ಎಂಬುದು ಅವರ ಕಣ್ಣಿಗೇ ಕಾಣುತ್ತಿರುತ್ತದೆ. ಆ ದೀಪದಿಂದ ಯಾರಿಗೂ ಹೊಸದೇನೂ ತಿಳಿಯಲಿಲ್ಲ. ಇಂಡಿಕೇಟರ್ ಹೇಳಬೇಕಾದದ್ದು "ತಿರುಗುತ್ತಿದ್ದೇನೆ" ಎಂದಲ್ಲ, "ತಿರುಗಲಿದ್ದೇನೆ" ಎಂದು.

ಎಷ್ಟು ಮುಂಚೆ? ಲೆಕ್ಕವನ್ನು ಮೀಟರಿನ ಬದಲು ಸೆಕೆಂಡಿನಲ್ಲಿ ಇಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. 60ರಲ್ಲಿ ಸುಮಾರು 17, 100ರಲ್ಲಿ ಸುಮಾರು 28. ಹಿಂದಿನವರು ದೀಪ ನೋಡಿ, ಅರ್ಥ ಮಾಡಿಕೊಂಡು, ಕಾಲನ್ನು ಬ್ರೇಕಿಗೆ ತರುವುದಕ್ಕೇ ಒಂದರಿಂದ ಒಂದೂವರೆ ಸೆಕೆಂಡ್ ಬೇಕು. ಆದ್ದರಿಂದ ಊರೊಳಗೆ ತಿರುವಿಗೆ 3-4 ಸೆಕೆಂಡ್ ಮೊದಲು, ಹೆದ್ದಾರಿಯಲ್ಲಿ ಕನಿಷ್ಠ 5 ಸೆಕೆಂಡ್ ಮೊದಲು ಹಾಕಿ. 100ರ ವೇಗದಲ್ಲಿ ಆ 5 ಸೆಕೆಂಡಿಗೆ 140 ಮೀಟರ್ ಕಳೆದಿರುತ್ತದೆ.

ತೀರಾ ಮುಂಚೆ ಹಾಕಿದರೂ ತೊಂದರೆಯೇ. ಒಂದೇ ಬದಿಗೆ ಎರಡು ಅಡ್ಡರಸ್ತೆಗಳು ಹತ್ತಿರ ಹತ್ತಿರ ಇದ್ದು, ನೀವು ಹೋಗಬೇಕಾದದ್ದು ಎರಡನೆಯದಕ್ಕೆ ಎನ್ನಿ. ಮೊದಲನೆಯದು ದಾಟುವ ಮೊದಲೇ ದೀಪ ಮಿನುಗಿದರೆ, ಅಲ್ಲಿ ಕಾಯುತ್ತಿರುವವರು ನೀವು ಒಳಗೆ ಬರುತ್ತೀರಿ ಎಂದುಕೊಂಡು ನಿಮ್ಮ ಮುಂದೆಯೇ ರಸ್ತೆಗೆ ಇಳಿಯುತ್ತಾರೆ. ಇಂಥ ಕಡೆ ವೇಗ ಮೊದಲೇ ತಗ್ಗಿಸಿ, ಮೊದಲ ರಸ್ತೆಯ ಬಾಯಿ ದಾಟುತ್ತಿದ್ದಂತೆ ಇಂಡಿಕೇಟರ್ ಹಾಕಿ.

ಕ್ರಮ ಹೀಗಿರಲಿ: ಒಳಗಿನ ಕನ್ನಡಿ, ತಿರುಗುವ ಬದಿಯ ಕನ್ನಡಿ, ಇಂಡಿಕೇಟರ್, ಭುಜದ ಮೇಲಿಂದ ಒಂದು ನೋಟ, ಆಮೇಲೆ ಬ್ರೇಕ್, ಕೊನೆಗೆ ಸ್ಟಿಯರಿಂಗ್. ಬ್ರೇಕ್ ಮೊದಲಾಗಿ ಇಂಡಿಕೇಟರ್ ಆಮೇಲಾದರೆ ಹಿಂದಿನವರಿಗೆ ಕೆಂಪು ದೀಪ ಮಾತ್ರ ಕಾಣುತ್ತದೆ. ಈ ಗಾಡಿ ಸುಮ್ಮನೆ ನಿಧಾನವಾಯಿತು ಎಂದುಕೊಂಡು ಓವರ್‌ಟೇಕ್‌ಗೆ ಹೊರಡುತ್ತಾರೆ, ಅದೂ ನೀವು ತಿರುಗಬೇಕಾದ ಬದಿಯಿಂದಲೇ. ಭುಜದ ಮೇಲಿನ ನೋಟವನ್ನು ಬಿಡಬೇಡಿ. ಪಕ್ಕಕ್ಕೆ ಬಂದ ಬೈಕ್ ಕನ್ನಡಿಯಲ್ಲಿ ಕಾಣುವುದಿಲ್ಲ. ದೀಪ ಹಾಕಿದ ಮಾತ್ರಕ್ಕೆ ದಾರಿ ನಿಮ್ಮದಾಗುವುದೂ ಇಲ್ಲ, ಜಾಗ ಸಿಗುವವರೆಗೆ ಕಾಯಲೇಬೇಕು.

ಲೇನ್ ಬದಲಾಯಿಸುವಾಗ ಹಲವು ಕಾರುಗಳಲ್ಲಿ ಒಂದು ಸೌಕರ್ಯ ಇದೆ. ಸ್ಟಿಯರಿಂಗ್ ಪಕ್ಕದ ಇಂಡಿಕೇಟರ್ ಕಡ್ಡಿಯನ್ನು ಮೆಲ್ಲಗೆ ತಟ್ಟಿದರೆ ಮೂರು ಸಲ ಮಿನುಗಿ ತಾನಾಗಿ ಆರುತ್ತದೆ. ಅನುಕೂಲವೇನೋ ಹೌದು, ಆದರೆ ಲೆಕ್ಕ ಹಾಕಿ ನೋಡಿ. ಇಂಡಿಕೇಟರ್ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 120 ಸಲ ಮಿನುಗುತ್ತದೆ. 90 ಎಂದುಕೊಂಡರೆ ಮೂರು ಮಿನುಗಿಗೆ ಎರಡೇ ಸೆಕೆಂಡ್. ನೀವು ಗೆರೆ ದಾಟಲು ಶುರುಮಾಡುವ ಹೊತ್ತಿಗೆ ದೀಪ ಆರಿಹೋಗಿರುತ್ತದೆ. ದಟ್ಟ ಸಂಚಾರದಲ್ಲಿ ಕಡ್ಡಿಯನ್ನು ಪೂರ್ತಿ ಒತ್ತಿ, ನಾಲ್ಕೂ ಚಕ್ರ ಹೊಸ ಲೇನಿಗೆ ಬಂದ ಮೇಲೆ ಕೈಯಿಂದಲೇ ಆರಿಸಿ.

ಕೈಯಿಂದಲೇ ಏಕೆ? ಸ್ಟಿಯರಿಂಗ್ ಕಂಬದೊಳಗೆ ಒಂದು ಚಿಕ್ಕ ಮುಳ್ಳು ಇರುತ್ತದೆ. ತಿರುವು ಮುಗಿದು ಸ್ಟಿಯರಿಂಗ್ ವಾಪಸ್ ಸುತ್ತುವಾಗ ಅದು ಕಡ್ಡಿಯನ್ನು ನಡುವಿಗೆ ತಳ್ಳುತ್ತದೆ. ಲೇನ್ ಬದಲಾವಣೆಯಲ್ಲಿ ಅಥವಾ ಸ್ವಲ್ಪವೇ ಬಾಗಿದ ತಿರುವಿನಲ್ಲಿ ಸ್ಟಿಯರಿಂಗ್ ಅಷ್ಟು ಸುತ್ತುವುದಿಲ್ಲ, ದೀಪ ಹಾಗೇ ಉಳಿಯುತ್ತದೆ. ಇದರ ಉಲ್ಟಾ ಕೂಡ ನಡೆಯುತ್ತದೆ: ಬಲಕ್ಕೆ ಹಾಕಿ, ಹೊಂಡ ತಪ್ಪಿಸಲು ಕ್ಷಣಕಾಲ ಎಡಕ್ಕೆ ತಿರುಗಿಸಿದರೆ ದೀಪ ಆರಿಬಿಡಬಹುದು. ತಿರುಗುವ ಮುನ್ನ ಡ್ಯಾಶ್‌ಬೋರ್ಡಿನ ಬಾಣವನ್ನು ಇನ್ನೊಮ್ಮೆ ನೋಡಿಕೊಳ್ಳಿ. ಹಾಡಿನ ಸದ್ದಿನಲ್ಲಿ ಟಕ್ ಟಕ್ ಶಬ್ದ ಕೇಳಿಸುತ್ತದೆ ಎಂದು ನಂಬಿಕೊಳ್ಳಬೇಡಿ.

ಬೈಕ್, ಸ್ಕೂಟರುಗಳಲ್ಲಿ ಹೆಚ್ಚಿನವಕ್ಕೆ ತಾನಾಗಿ ಆರುವ ವ್ಯವಸ್ಥೆಯೇ ಇಲ್ಲ. ಮರೆತು ಉರಿಯುವ ಇಂಡಿಕೇಟರ್, ಹಾಕದ ಇಂಡಿಕೇಟರಿಗಿಂತ ಅಪಾಯಕಾರಿ: ನೀವು ಎಡಕ್ಕೆ ಹೋಗುತ್ತೀರಿ ಎಂದು ನಂಬಿ ಅಡ್ಡರಸ್ತೆಯವರು ಗಾಡಿ ನುಗ್ಗಿಸುತ್ತಾರೆ, ನೀವು ನೇರ ಬರುತ್ತೀರಿ. ಪ್ರತಿ ತಿರುವಿನ ನಂತರ, ಆರಿದೆಯೋ ಇಲ್ಲವೋ ಎಂದು ಯೋಚಿಸದೆ, ಹೆಬ್ಬೆರಳಿನಿಂದ ಸ್ವಿಚ್ ಒತ್ತಿ ಬಿಡುವ ಚಾಳಿ ಬೆಳೆಸಿಕೊಳ್ಳಿ. ಆರಿದ್ದರೂ ಒತ್ತಿದ್ದರಿಂದ ನಷ್ಟವಿಲ್ಲ.

ವೃತ್ತಗಳಲ್ಲಿ ಗೊಂದಲ ಹೆಚ್ಚು. ರಸ್ತೆಯ ಎಡಬದಿಯಲ್ಲಿ ಓಡಿಸುವ ಕಡೆ, ಮೊದಲ ರಸ್ತೆಗೇ ಹೊರಬೀಳುವವರು ಒಳಬರುವಾಗಲೇ ಎಡಕ್ಕೆ ಹಾಕಬೇಕು. ನೇರ ಹೋಗುವವರು ಒಳಬರುವಾಗ ಏನೂ ಹಾಕದೆ, ತಮ್ಮ ರಸ್ತೆಗೆ ಹಿಂದಿನದನ್ನು ದಾಟಿದ ಕೂಡಲೇ ಎಡಕ್ಕೆ. ಬಲಕ್ಕೆ ಹೋಗುವವರು ಬಲಕ್ಕೆ ಹಾಕಿ ಒಳಬಂದು, ಹೊರಬೀಳುವ ಮುನ್ನ ಎಡಕ್ಕೆ ಬದಲಿಸಬೇಕು. ಬಲಬದಿಯಲ್ಲಿ ಓಡಿಸುವ ದೇಶಗಳಲ್ಲಿ ಎಡ-ಬಲ ಅದಲುಬದಲು. ಹೊರಬೀಳುವಾಗಿನ ದೀಪವೇ ಮುಖ್ಯ, ಒಳಬರಲು ಕಾಯುತ್ತಿರುವವರು ಹೊರಡುವುದು ಅದನ್ನು ನೋಡಿ.

ಇನ್ನು ನಾಲ್ಕೂ ದೀಪ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಲೈಟ್. ಕೂಡುರಸ್ತೆಯಲ್ಲಿ "ನಾನು ನೇರ ಹೋಗುತ್ತೇನೆ" ಎಂದು ಹೇಳಲು ಇದನ್ನು ಹಾಕುವವರಿದ್ದಾರೆ. ಪಕ್ಕದಿಂದ ನೋಡುವವರಿಗೆ ಗಾಡಿಯ ಒಂದೇ ಬದಿ ಕಾಣುತ್ತದೆ, ಅವರ ಪಾಲಿಗೆ ನೀವು ಅವರ ಕಡೆಗೇ ತಿರುಗುತ್ತಿದ್ದೀರಿ. ಮಳೆಯಲ್ಲಿ ಹಾಕಿಕೊಂಡು ಓಡಿಸಿದರೂ ಇದೇ ಕಷ್ಟ. ಜೊತೆಗೆ, ಹಲವು ಗಾಡಿಗಳಲ್ಲಿ ಹಜಾರ್ಡ್ ಉರಿಯುತ್ತಿರುವಾಗ ಇಂಡಿಕೇಟರ್ ಹಾಕಿದರೂ ತೋರುವುದಿಲ್ಲ. ನೇರ ಹೋಗುವುದಕ್ಕೆ ಯಾವ ದೀಪವೂ ಬೇಡ.

ಬೇರೆಯವರ ದೀಪವನ್ನು ಓದುವಾಗ ಅನುಮಾನ ಇರಲಿ. ಎದುರಿನ ಗಾಡಿ ಎಡಕ್ಕೆ ಹಾಕಿದೆ ಎಂದು ಕೂಡಲೇ ಹೊರಡಬೇಡಿ. ಅದರ ವೇಗ ತಗ್ಗಿತೇ, ಮುಂದಿನ ಚಕ್ರ ಹೊರಳಿತೇ ಎಂದು ನೋಡಿ. ಕೆಲವು ದೊಡ್ಡ ಗಾಡಿಯವರು ಹಿಂದಿನವರಿಗೆ ಮುಂದೆ ಹೋಗಲು ದಾರಿ ಬಿಡುವುದಕ್ಕೂ ಇದೇ ದೀಪ ಮಿನುಗಿಸುತ್ತಾರೆ, ತಾವು ತಿರುಗುವುದಕ್ಕೂ ಇದೇ ದೀಪ. ಯಾವುದೆಂದು ಊಹಿಸಲು ಹೋಗುವ ಬದಲು ಹಿಂದೆಯೇ ಉಳಿಯಿರಿ.

ದೀಪ ಕೈಕೊಟ್ಟಾಗ

ಒಂದು ಬದಿಗೆ ಹಾಕಿದಾಗ ಮಾತ್ರ ಟಕಟಕ ಎಂದು ಬಹಳ ಬೇಗ ಮಿನುಗಿದರೆ ಆ ಬದಿಯ ಒಂದು ಬಲ್ಬ್ ಹೋಗಿದೆ. ಇಳಿದು ನೋಡಿ. ಕಾರುಗಳಲ್ಲಿ ಮುಂದೆ, ಹಿಂದೆ ಸಾಮಾನ್ಯವಾಗಿ 12 ವೋಲ್ಟಿನ 21 ವಾಟ್ ಬಲ್ಬ್, ಪಕ್ಕದಲ್ಲಿ 5 ವಾಟಿನದು. ಬಹುತೇಕ ಬೈಕುಗಳಲ್ಲಿ 10 ವಾಟ್. ದೀಪದ ಹೊರಗಾಜು ಹಳದಿಯಾಗಿದ್ದರೆ ಬಿಳಿ ಬಲ್ಬ್, ಗಾಜು ಬಿಳಿಯಾಗಿದ್ದರೆ ಹಳದಿ ಬಲ್ಬ್. ಬಿಳಿ ಬಲ್ಬಿನ ಬುಡದ ಎರಡು ಮೊಳೆಗಳು ಎದುರುಬದುರು ಇರುತ್ತವೆ, ಹಳದಿಯದರಲ್ಲಿ ಓರೆಯಾಗಿರುತ್ತವೆ. ಒಂದಕ್ಕೆ ಇನ್ನೊಂದು ಕೂರದಂತೆ ಬೇಕೆಂದೇ ಹಾಗೆ ಮಾಡಿದ್ದಾರೆ. ಬಲವಂತವಾಗಿ ತುರುಕಿದರೆ ಹೋಲ್ಡರ್ ಒಡೆಯುತ್ತದೆ.

ಬಲ್ಬ್ ಸರಿಯಿದ್ದೂ ಉರಿಯದಿದ್ದರೆ ಹೋಲ್ಡರಿನಲ್ಲಿ ಹಸಿರು ತುಕ್ಕು ಕೂತಿದೆಯೇ ನೋಡಿ, ನಯವಾದ ಉಪ್ಪುಕಾಗದದಿಂದ ಉಜ್ಜಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾದರೆ, ಅಥವಾ ಹಿಂದಿನ ಕೆಂಪು ದೀಪವೂ ಅದರ ಜೊತೆ ಮಿನುಗಿದರೆ, ಅರ್ಥ್ ತಂತಿ (ಕರೆಂಟನ್ನು ಗಾಡಿಯ ಲೋಹದ ಮೈಗೆ ಮರಳಿಸುವ ತಂತಿ) ಸಡಿಲವಾಗಿದೆ.

ಮಾಮೂಲಿ ಬಲ್ಬ್ ತೆಗೆದು ಎಲ್ಇಡಿ ಹಾಕಿಸಿದ ಮೇಲೆ ಬೇಗ ಮಿನುಗತೊಡಗಿದರೆ ಕೆಟ್ಟದ್ದು ಏನೂ ಇಲ್ಲ. ಎಲ್ಇಡಿ ಎಳೆಯುವ ಕರೆಂಟ್ ತೀರಾ ಕಡಿಮೆ, ಬಲ್ಬ್ ಹೋಗಿದೆ ಎಂದು ಫ್ಲ್ಯಾಷರ್ ರಿಲೇ (ದೀಪವನ್ನು ಮಿನುಗಿಸುವ ಸ್ವಿಚ್) ಭಾವಿಸುತ್ತದೆ. ಕರೆಂಟ್ ನೋಡದೆ ಮಿನುಗಿಸುವ, ಎಲ್ಇಡಿಗೆಂದೇ ಇರುವ ರಿಲೇ ಹಾಕುವುದು ಚೊಕ್ಕಟವಾದ ದಾರಿ. ರಿಲೇ ಬದಲಿಸಲಾಗದ ಗಾಡಿಗಳಲ್ಲಿ ಪ್ರತಿ ದೀಪಕ್ಕೆ ಸಮಾನಾಂತರವಾಗಿ 6 ಓಮ್, 50 ವಾಟಿನ ರೆಸಿಸ್ಟರ್ (ಬಲ್ಬಿನಂತೆ ಹೆಚ್ಚು ಕರೆಂಟ್ ಎಳೆಯುವ ಬಿಡಿಭಾಗ) ಹಾಕುತ್ತಾರೆ. 12 ವೋಲ್ಟಿಗೆ ಅದು 2 ಆಂಪಿಯರ್ ಎಳೆದು 24 ವಾಟ್ ಕಾವು ಹೊರಡಿಸುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಅದನ್ನು ಲೋಹದ ಭಾಗಕ್ಕೇ ಬಿಗಿಯಬೇಕು, ಪ್ಲಾಸ್ಟಿಕ್ಕಿಗೂ ತಂತಿಗಳ ಕಟ್ಟಿಗೂ ತಾಗಬಾರದು.

ಒಬ್ಬರೇ ಪರೀಕ್ಷಿಸುವುದಾದರೆ ಹಜಾರ್ಡ್ ಹಾಕಿ ಗಾಡಿಯನ್ನು ಒಂದು ಸುತ್ತು ಹಾಕಿ, ಆಮೇಲೆ ಕಡ್ಡಿಯಿಂದ ಎಡ, ಬಲ ಬೇರೆಬೇರೆಯಾಗಿ ನೋಡಿ. ಹಜಾರ್ಡಿನಲ್ಲಿ ಎಲ್ಲ ಉರಿದು ಕಡ್ಡಿಗೆ ಯಾವುದೂ ಉರಿಯದಿದ್ದರೆ ಬಲ್ಬ್ ಬಿಚ್ಚುವ ಕೆಲಸವಿಲ್ಲ. ಮೊದಲು ಇಂಡಿಕೇಟರ್ ಫ್ಯೂಸ್ ನೋಡಿ, ಅದು ಸರಿಯಿದ್ದರೆ ಕಡ್ಡಿಯ ಸ್ವಿಚ್.