ಸಣ್ಣ ವಿಮಾನದಲ್ಲಿ ಇಂಧನದ ತೊಂದರೆಯಾದರೆ: ಹಾರುವ ಮುನ್ನ ಮತ್ತು ಎಂಜಿನ್ ನಿಂತ ಮೇಲೆ

ಸೆಸ್ನಾ 172ರಂಥ ಒಂಟಿ ಎಂಜಿನ್ ವಿಮಾನ ಹಾರಿಸುವವರು ಒಂದು ವ್ಯತ್ಯಾಸವನ್ನು ಮನದಟ್ಟು ಮಾಡಿಕೊಂಡಿರಬೇಕು. ಟ್ಯಾಂಕಿನಲ್ಲಿ ಇಂಧನ ಮುಗಿಯುವುದು ಬೇರೆ, ಇರುವ ಇಂಧನ ಎಂಜಿನ್ನಿಗೆ ತಲುಪದಿರುವುದು ಬೇರೆ. ಮೊದಲನೆಯದಕ್ಕೆ ಆಕಾಶದಲ್ಲಿ ಪರಿಹಾರವಿಲ್ಲ; ಎರಡನೆಯದಕ್ಕೆ ಎಷ್ಟೋ ಸಲ ಇರುತ್ತದೆ.

ಹಾರುವ ಮುನ್ನ ಇಂಧನದ ಮುಳ್ಳೊಂದನ್ನೇ ನಂಬದೆ, ರೆಕ್ಕೆಯ ಮೇಲಿನ ಮುಚ್ಚಳ ತೆಗೆದು ಅಳತೆಕಡ್ಡಿ ಅದ್ದಿ ನೋಡಬೇಕು. ಬಳಿಕ ಟ್ಯಾಂಕಿನ ತಳದಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿಯಬೇಕು. 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್ ತಿಳಿನೀಲಿ ಬಣ್ಣದ್ದು. ನೀರು ಅದಕ್ಕಿಂತ ಭಾರವಾದ್ದರಿಂದ ಬಣ್ಣವಿಲ್ಲದ ಪದರವಾಗಿ ಅಡಿಯಲ್ಲಿ ನಿಲ್ಲುತ್ತದೆ. ಲೋಟದಲ್ಲಿರುವುದೆಲ್ಲ ನೀರೇ ಆಗಿದ್ದರೆ ನಡುವೆ ಗೆರೆಯೇ ಕಾಣದಿರುವುದರಿಂದ ಬಣ್ಣವನ್ನೂ ವಾಸನೆಯನ್ನೂ ಗಮನಿಸಲೇಬೇಕು. ಹೊರಗಿನ ನೋಟವನ್ನು ನಂಬಿ ಹಾರುವ ಕಣ್ಣಳತೆಯ ಹಾರಾಟಕ್ಕೆ ಅಮೆರಿಕದ ನಿಯಮ ಹಗಲಿನಲ್ಲಿ 30 ನಿಮಿಷದ, ರಾತ್ರಿಯಲ್ಲಿ 45 ನಿಮಿಷದ ಮೀಸಲು ಇಂಧನ ಕೇಳುತ್ತದೆ; ನನ್ನ ದೃಷ್ಟಿಯಲ್ಲಿ ಒಂದು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬಾರದು.

ಎಂಜಿನ್ ನಿಂತರೆ ಮೊದಲು ಅತಿ ಹೆಚ್ಚು ದೂರ ತೇಲಿಸುವ ವೇಗವನ್ನು ಕಾಯ್ದುಕೊಳ್ಳಬೇಕು. 172ಎಸ್ ಮಾದರಿಗೆ ಅದು 68 ನಾಟ್ (ಗಂಟೆಗೆ 68 ನಾಟಿಕಲ್ ಮೈಲಿ). ಗಾಳಿಯಿಲ್ಲದಿದ್ದರೆ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲಬಹುದು. ಅಷ್ಟರೊಳಗೆ ಗಾಳಿಗೆ ಎದುರಾಗಿ ಇಳಿಯಬಹುದಾದ ಬಯಲನ್ನು ಆರಿಸಬೇಕು. ವಿದ್ಯುತ್ ತಂತಿ ಮೇಲಿನಿಂದ ಕಾಣುವುದು ಕಷ್ಟ, ಆದ್ದರಿಂದ ಕಂಬಗಳನ್ನು ಹುಡುಕಬೇಕು. ಬಯಲಿನತ್ತ ತಿರುಗಿದ ಮೇಲೆ ಇಂಧನ ಯಾವ ಟ್ಯಾಂಕಿನಿಂದ ಬರಬೇಕೆಂದು ನಿರ್ಧರಿಸುವ ಸೆಲೆಕ್ಟರನ್ನು ‘ಬೋತ್’ಗೆ (ಎರಡೂ ಟ್ಯಾಂಕಿಗೆ) ತಂದು, ಷಟ್‌ಆಫ್ (ಇಂಧನ ತಡೆಯುವ) ಗುಂಡಿಯನ್ನು ಪೂರ್ತಿ ಒಳಗೊತ್ತಿ, ಇಂಧನದ ಪಂಪ್ ಹಾಕಿ, ಮಿಕ್ಸ್ಚರ್ (ಗಾಳಿಯೊಂದಿಗೆ ಬೆರೆಯುವ ಇಂಧನದ ಪ್ರಮಾಣ) ‘ರಿಚ್’ ಅಂದರೆ ಪೂರ್ತಿ ಮಾಡಿ, ಇಗ್ನಿಷನ್ (ಕಿಡಿ ಹೊತ್ತಿಸುವ ಕೀಲಿ) ‘ಬೋತ್’ನಲ್ಲಿದೆಯೇ ನೋಡಬೇಕು. ಪೈಪರ್ ಚೆರೋಕಿಯಲ್ಲಿ ಎರಡೂ ಟ್ಯಾಂಕಿನಿಂದ ಒಟ್ಟಿಗೆ ಎಳೆಯುವ ವ್ಯವಸ್ಥೆಯಿಲ್ಲ. ಅಲ್ಲಿ ಇನ್ನೊಂದು ಟ್ಯಾಂಕಿಗೆ ಬದಲಿಸಬೇಕು. ಕಾರ್ಬ್ಯುರೇಟರ್ (ಇಂಧನಕ್ಕೆ ಗಾಳಿ ಬೆರೆಸುವ ಭಾಗ) ಇರುವ ಎಂಜಿನ್ನಾದರೆ ಅದರಲ್ಲಿ ಕಟ್ಟಿರಬಹುದಾದ ಮಂಜುಗಡ್ಡೆ ಕರಗಿಸುವ ಶಾಖದ ಗುಂಡಿಯನ್ನು ತಡಮಾಡದೆ ಎಳೆಯಬೇಕು, ಏಕೆಂದರೆ ಆ ಶಾಖ ಕೊಡುವ ಸೈಲೆನ್ಸರಿನ ಬಿಸಿ ಬೇಗ ಆರುತ್ತದೆ.

ಮೇಲೇರಿದ ಕೂಡಲೇ, ಕೆಳಮಟ್ಟದಲ್ಲಿ ಹೀಗಾದರೆ ರನ್‌ವೇಗೆ ಹಿಂದಿರುಗಲು ಹೋಗದೆ ಹೆಚ್ಚುಕಡಿಮೆ ನೇರ ಮುಂದೆಯೇ ಇಳಿಯಬೇಕು.

ಎಂಜಿನ್ ಮತ್ತೆ ಹತ್ತದಿದ್ದರೆ ಬಳಸುತ್ತಿರುವ ತರಂಗದಲ್ಲಿ ಅಥವಾ 121.5 ಮೆಗಾಹರ್ಟ್ಸ್‌ನಲ್ಲಿ ‘ಮೇಡೇ’ ಕರೆ ಕೊಟ್ಟು, ಟ್ರಾನ್ಸ್‌ಪಾಂಡರಿಗೆ (ರಾಡಾರಿಗೆ ಗುರುತು ಕಳಿಸುವ ಉಪಕರಣ) ತುರ್ತಿನ ಸಂಕೇತವಾದ 7700 ಹಾಕಬೇಕು. ನಂತರ ಇಂಧನ, ಮಿಕ್ಸ್ಚರ್, ಇಗ್ನಿಷನ್ ಮೂರನ್ನೂ ಬಂದ್ ಮಾಡಬೇಕು. ಫ್ಲಾಪ್‌ಗಳು (ಇಳಿಯುವಾಗ ವೇಗ ತಗ್ಗಿಸುವ, ರೆಕ್ಕೆಯ ಹಿಂಬದಿಯ ಹಲಗೆಗಳು) 172ಎಸ್ ಮಾದರಿಯಲ್ಲಿ ವಿದ್ಯುತ್ತಿನಿಂದ ಇಳಿಯುವುದರಿಂದ ಅವು ಪೂರ್ತಿ ಇಳಿದ ಮೇಲಷ್ಟೇ ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಬಂದ್ ಮಾಡಬೇಕು. ಹೊಡೆತಕ್ಕೆ ಬಾಗಿಲು ಸಿಕ್ಕಿಕೊಳ್ಳದಂತೆ ನೆಲ ಮುಟ್ಟುವ ಮೊದಲೇ ಅದರ ಚಿಲಕ ತೆರೆದಿರಬೇಕು. ವಿಮಾನ ನಿಂತೊಡನೆ ಎಲ್ಲರೂ ಇಳಿದು, ಇಂಧನ ಸೋರುತ್ತಿರಬಹುದಾದ್ದರಿಂದ ಗಾಳಿ ಬೀಸಿ ಬರುವ ದಿಕ್ಕಿಗೆ ದೂರ ಸರಿಯಬೇಕು.