ಅಟ್ಟದ ಮೇಲಿನ ಹಳೆ ಕಾಗದ ಓದುವುದು ಹೇಗೆ?

ಶಿರಸಿ, ಸಿದ್ದಾಪುರ ಕಡೆಯ ಹಳೆಯ ತೋಟದ ಮನೆಗಳಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಚೀಟಿ, ಸಾಲಪತ್ರ, ಲೆಕ್ಕದ ಪುಸ್ತಕ ಇನ್ನೂ ಅಟ್ಟದ ಮೇಲೆ ಸಿಗುತ್ತವೆ. ಮನೆತನದ ಹೆಸರುಗಳೂ ಅದರೊಳಗೇ ಇರುತ್ತವೆ. ಓದಲು ಬರುವುದಿಲ್ಲ ಅಂತ ಸುಮ್ನೆ ಕಟ್ಟಿಡಬೇಡಿ.

ಮೊದಲು ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದುಕೊಳ್ಳಿ. ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದರೆ ಕಾಗದವನ್ನು ಪದೇ ಪದೇ ಬಿಚ್ಚಬೇಕಿಲ್ಲ. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ, ಕಾಗದವೇ ಹಾಳಾಗುತ್ತದೆ.

ಆಮೇಲೆ ಲಿಪಿ ನೋಡಿ. ಸಾಲಿನುದ್ದಕ್ಕೂ ಒಂದೇ ಗೆರೆ ಎಳೆದು, ಅದರ ಕೆಳಗೆ ಕೈ ಎತ್ತದೆ ಬರೆದಂತಿದ್ದರೆ ಅದು ಮೋಡಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ, ಇರಬಹುದು. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತಲ್ವಾ, ಹಾಗಾಗಿ ಕಾರವಾರದ ಕಡೆ ಮೋಡಿ ಕಾಗದ ಸಿಕ್ಕರೆ ಆಶ್ಚರ್ಯವಿಲ್ಲ. ಅದನ್ನು ಮೋಡಿ ಬಲ್ಲವರಿಗೇ ತೋರಿಸಿ.

ಕನ್ನಡವಾದರೆ ನೀವೇ ಓದಬಹುದು. ಮೊದಲ ಸಾಲಿನಿಂದ ಶುರು ಮಾಡಬೇಡಿ, ತಾರೀಕು ಹುಡುಕಿ. ಅಲ್ಲಿ ಬರುವ ಮಾತುಗಳು ನಮಗೆ ಗೊತ್ತಿರುವಂಥವೇ: ಶಕ, ಸಂವತ್ಸರ, ಮಾಸ, ಶುದ್ಧ ಅಥವಾ ಬಹುಳ, ತಿಥಿ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಜನವರಿಯಿಂದ ಯುಗಾದಿಯವರೆಗಿನ ದಿನವಾದರೆ 79 ಕೂಡಿಸಿ. ಹಳೆಯ ಕೈಬರಹದಲ್ಲಿ ೬ ಮತ್ತು ೯ ಜಾಸ್ತಿ ಕಾಡುತ್ತವೆ. ಶಕ ೧೮೦೬ ಇರಬಹುದೇ, ೧೮೦೯ ಇರಬಹುದೇ ಅನ್ನುವ ಅನುಮಾನ ಬಂದಾಗ ಸಂವತ್ಸರ ನೋಡಿ. ತಾರಣ ಅಂತಿದ್ದರೆ ೧೮೦೬, ಅಂದರೆ 1884. ಸರ್ವಜಿತು ಆದರೆ ೧೮೦೯, ಅಂದರೆ 1887. ಅಂಕಿ ಅಳಿಸಿದ್ದರೂ ಹೆಸರು ಕೈಬಿಡುವುದಿಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಅಷ್ಟು ನೆನಪಿರಲಿ.

ತಾರೀಕಿನಲ್ಲಿ ಗುರುತು ಸಿಕ್ಕ ಅಕ್ಷರಗಳನ್ನು ಒಂದು ಹಾಳೆಯಲ್ಲಿ, ಬರೆದವರು ಬರೆದಂತೆಯೇ ನಕಲು ಮಾಡಿ. ಊರಿನ ಹೆಸರು, ತಾಲೂಕಿನ ಹೆಸರು ಓದಿ ಇನ್ನಷ್ಟು ಸೇರಿಸಿ. ಪ, ವ, ಮ ಒಂದೇ ಥರ ಕಂಡರೆ ಈ ಹಾಳೆ ನೋಡಿಯೇ ತೀರ್ಮಾನಿಸಿ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಹಾಗಾಗಿ ಗಟ್ಟಿಯಾಗಿ ಓದಿ. ಎಷ್ಟೋ ಪದ ಕಿವಿಗೇ ಮೊದಲು ತಿಳಿಯುತ್ತದೆ.

ಹಣದ ಲೆಕ್ಕ ಇದ್ದರೆ ಕೂಡಿಸಿ ನೋಡಿ. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಮೊತ್ತ ತಾಳೆಯಾಗದಿದ್ದರೆ ಯಾವುದೋ ಅಂಕಿ ತಪ್ಪು ಓದಿರಬಹುದು.

ಹೆಸರು ಕೊನೆಗಿರಲಿ. ‘ಬಿನ್’ ಮುಂದೆ ತಂದೆಯ ಹೆಸರು, ‘ಕೋಂ’ ಮುಂದೆ ಗಂಡನ ಹೆಸರು ಬರುತ್ತದೆ. ವಂಶವೃಕ್ಷಕ್ಕೆ ಬೇಕಾದದ್ದು ಇದೇ. ಹಾಗಾಗಿ ಇಲ್ಲಿ ಊಹೆ ಬೇಡ. ತಿಳಿಯದ ಅಕ್ಷರದ ಜಾಗದಲ್ಲಿ ಚುಕ್ಕೆ ಇಟ್ಟು, ಮನೆಯ ಹಿರಿಯರಿಗೆ ಫೋಟೊ ತೋರಿಸಿ.